ಮೇಣದ ಕೆಳಗಿನ ಗೀರು

ಮತ್ತೆ ಅಲ್ಲೇ ಇವೆ, ದೀಪ ಎಡಕ್ಕೆ ಸರಿಸಿದರೆ ಎಡಕ್ಕೆ, ಬಲಕ್ಕೆ ಸರಿಸಿದರೆ ಬಲಕ್ಕೆ, ಬೆಳಕು ಎಲ್ಲಿ ಬಿದ್ದರೂ ಅದರ ಸುತ್ತ ಉಂಗುರ ಉಂಗುರವಾಗಿ ಗೀರುಗಳು, ಬೆಳಿಗ್ಗೆಯಿಂದ ಬಾನೆಟ್ ಒಂದನ್ನೇ ಮೂರು ಸಲ ಉಜ್ಜಿದ್ದೇನೆ, ಪಾಲಿಶ್ ಹಚ್ಚು, ಯಂತ್ರ ತಿರುಗಿಸು, ಒರೆಸು, ದೀಪ ಹಿಡಿ — ಮತ್ತೆ ಅಲ್ಲೇ ಇವೆ ದರಿದ್ರದವು, ಇನ್ನೊಂದು ಸಲ ಉಜ್ಜಿದರೆ ಅಂಚಿನಲ್ಲಿ ಬಣ್ಣವೇ ಕಿತ್ತು ತಗಡು ಕಾಣುತ್ತದೆ, ಐವತ್ತು ವರ್ಷದ ಕಪ್ಪು ಬಣ್ಣ, ನಾಳೆ ಬಂದರಿನ ಸಂತೆಮಾಳದಲ್ಲಿ ಹಳೆಯ ಕಾರುಗಳೆಲ್ಲ ಬಿಸಿಲಲ್ಲಿ ಸಾಲಾಗಿ ನಿಲ್ಲುತ್ತವೆ, ನನ್ನದರ ಮುಖ ನೋಡಿ ಜನ ನಗುತ್ತಾರೆ, ಎಲ್ಲ ರೈಲಿಯಿಂದ, ನಲವತ್ತೊಂದು ವರ್ಷ ನನ್ನ ಜೊತೆ ಸಂಸಾರ ಮಾಡಿದವಳಿಗೆ ಇಷ್ಟೂ ಗೊತ್ತಾಗಬಾರದೇ, ಮಂಡಿ ಆಪರೇಶನ್ ಎಂದು ನಾನು ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಸರೋವರದ ಕಟ್ಟೆಯಲ್ಲಿ ಚಿಂದಿ ಜಮಖಾನಗಳನ್ನು ತೊಳೆದು ಬಂದವಳು ಅದೇ ಬಕೆಟ್ಟು, ಅದೇ ಪೈನ್ ಸೋಪಿನಲ್ಲಿ ಕಾರನ್ನೂ ತೊಳೆದಿಟ್ಟಳು, ನೀನು ಮನೆಗೆ ಬಂದಾಗ ಖುಷಿಯಾಗ್ಲಿ ಅಂತ ಟೌನೊ, ಅಂದಳು ನನಗೆ, ಖುಷಿಯಂತೆ ಖುಷಿ, ಅಂಗಳದಲ್ಲಿ ಕಾರು ನೋಡಿದ್ದೇ ಮೈಯೆಲ್ಲ ಉರಿದುಹೋಯಿತು, ಜಮಖಾನದ ಬ್ರಷ್ಷಲ್ಲಿ ಉಜ್ಜಿದ್ದೀಯ, ನಿನಗೆ ಜಗತ್ತೆಲ್ಲ ಜಮಖಾನನೇ, ಬ್ರಷ್ ಮುಟ್ಟೇ ಇಲ್ಲ ಕಣೋ, ನಿನ್ ಹಳೇ ಮೆತ್ತನೆ ಅಂಗೀಲಿ ಒರೆಸ್ದೆ ಅಷ್ಟೆ, ಸುಳ್ಳು ಹೇಳ್ಬೇಡ ರೈಲಿ — ಬೇಲಿಯಾಚೆ ಆಲೂಗಡ್ಡೆಗೆ ನೀರು ಹಾಕುತ್ತಿದ್ದ ಪಕ್ಕದ ಮನೆಯ ಒಯ್ವಾ ಎಲ್ಲ ಕೇಳಿಸಿಕೊಂಡ, ಏನಯ್ಯಾ, ಆಸ್ಪತ್ರೇಲಿ ಮಂಡಿ ಬದ್ಲು ನಾಲಿಗೆ ಬದ್ಲಾಯಿಸ್ಬೇಕಿತ್ತಲ್ಲ ನಿಂಗೆ, ರೈಲಿ ಕೈಯಲ್ಲಿದ್ದ ಬಕೆಟ್ಟಿನ ನೀರನ್ನು ಹೂಗಿಡದ ಬುಡಕ್ಕೆ ಸುರಿದು ಒಳಗೆ ಹೋದಳು.

ಮಾತು ಆಡಿದರೆ ಹೋಯ್ತು, ಹೋಗಲಿ, ನಾನು ಸುಳ್ಳು ಹೇಳಿದೆನೇ, ಗೀರು ಕಣ್ಣೆದುರಿಗೇ ಇದೆ, ಆದರೂ ಸೌನಾದ, ನಮ್ಮ ಉಗಿಸ್ನಾನದ ಕೋಣೆಯ, ಚಿಮಣಿಯಲ್ಲಿ ಹೊಗೆ ಏಳುತ್ತಿರುವುದು ಶೆಡ್ಡಿನ ಬಾಗಿಲಿನಿಂದ ಕಾಣುತ್ತದೆ, ಶನಿವಾರದ ಸೌನಾ ನಮ್ಮಿಬ್ಬರದೂ, ಜಗಳವಾಡಿದ ವಾರವೂ, ಅವಳ ಅಮ್ಮ ಸತ್ತ ವಾರವೂ ಒಂದೇ ಹಲಗೆಯ ಮೇಲೆ ಕೂತು ಬೆವರಿದ್ದೇವೆ, ಇವತ್ತು ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲಲ್ಲೇ ನಿಂತಳು, ನಾನ್ ಮೊದ್ಲು ಹೋಗ್ತೀನಿ, ನೀನು ಆಮೇಲೆ ಹೋಗು, ಯಾಕೆ, ಯಾಕೂ ಇಲ್ಲ, ನಾಳೆ ಬಂದರಿಗೂ ನೀನೊಬ್ನೇ ಹೋಗ್ಬಾ, ಫ್ಲಾಸ್ಕಿಗೆ ಕಾಫಿ ಹಾಕಿಟ್ಟಿರ್ತೀನಿ, ಒಬ್ಬನಿಗೆ ಕಾಫಿ, ಪಕ್ಕದ ಸೀಟು ಖಾಲಿ, ಇರಲಿ ಬಿಡು, ಕಾರಿನ ಛಾವಣಿ ಒಂದು ಉಳಿದಿದೆ, ಅದಾದರೂ ಕನ್ನಡಿಯ ಹಾಗಿರುತ್ತದೆ, ಇಲ್ಲಿ ಹಳೆಯ ಮೇಣ ಹಾಗೇ ಇದೆ, ಹಳದಿಗಟ್ಟಿ, ಹಿಮ ಬೀಳುವ ಮೊದಲು ಪ್ರತಿ ಅಕ್ಟೋಬರ್ ಒಂದರ ಮೇಲೊಂದು ಬಳಿದದ್ದು, ಗುಂಡಗೆ ಉಜ್ಜು ಹುಡುಗಾ ಗುಂಡಗೆ, ಅಪ್ಪ ಕಲಿಸಿದ್ದು, ಮೂವತ್ತು ಅಕ್ಟೋಬರ್ ಗುಂಡಗೇ ಉಜ್ಜಿದೆ, ಬಾನೆಟ್ಟಿನ ಮೇಣವನ್ನು ಅವಳ ಪೈನ್ ಸೋಪು ತಿಂದುಹಾಕಿತು, ಇಲ್ಲಿಗೆ ಸೋಪು ತಾಗಿಲ್ಲ, ಹೇಗೆ ತಾಗೀತು, ಕುಳ್ಳಿ, ಮಂಜುಗಡ್ಡೆಯಲ್ಲಿ ಜಾರಿ ಬಿದ್ದ ಮೇಲೆ ಹೆಗಲೂ ಏಳುವುದಿಲ್ಲ, ಸೌನಾದ ಮೊಳೆಯಿಂದ ಕಾದ ಕಲ್ಲಿಗೆ ನೀರು ಸುರಿಯುವ ಸೌಟನ್ನೂ ನಾನೇ ಇಳಿಸಿ ಕೊಡಬೇಕು, ಇವತ್ತು ಯಾರು ಇಳಿಸಿ ಕೊಟ್ಟರು, ಮೇಣ ಬಿಡಿಸುವ ಎಣ್ಣೆ ಬಟ್ಟೆಗೆ ಸುರಿದೆ, ಒತ್ತಿ ಎಳೆದೆ, ಮೇಣ ಬೆಣ್ಣೆಯ ಹಾಗೆ ಬಟ್ಟೆಗೆ ಹತ್ತಿತು, ಒರೆಸಿದೆ, ದೀಪ ಹಿಡಿದೆ — ಇವೆ. ಇನ್ನೊಮ್ಮೆ ಒರೆಸು, ಎಣ್ಣೆಯ ಕಲೆ ಇರಬೇಕು, ಇಲ್ಲ, ಇವೆ, ಬಾನೆಟ್ಟಿನಲ್ಲಿರುವ ಅವೇ, ಇಲ್ಲಿಗೆ ಬ್ರಷ್ಷೂ ಬಂದಿಲ್ಲ, ಅವಳ ಕೈಯೂ ಬಂದಿಲ್ಲ, ಗುಂಡಗೆ ಹುಡುಗಾ ಗುಂಡಗೆ, ಮೂವತ್ತು ವರ್ಷ ನಾನೇ ಗೀಚಿ ನಾನೇ ಮೇಣದಲ್ಲಿ ಮುಚ್ಚಿದ್ದು, ಅವಳು ತೊಳೆದದ್ದಷ್ಟೆ, ಸುಳ್ಳು ಹೇಳ್ಬೇಡ ರೈಲಿ ಅಂದೆ, ಒಯ್ವಾನ ಮುಂದೆ ಅಂದೆ, ಅಗೋ ಸೌನಾದ ಕಲ್ಲಿನ ಮೇಲೆ ನೀರು ಚುರ್ರೆಂದಿತು, ಒಬ್ಬಳೇ ಇದ್ದಾಳೆ, ಸೌಟು ಹೇಗೆ ಇಳಿಸಿಕೊಂಡಳೋ, ಆ ಬಾಗಿಲಿಗೆ ಇಪ್ಪತ್ತು ಹೆಜ್ಜೆ, ಛಾವಣಿ ಮೇಲೂ ಇವೆ ರೈಲಿ, ಅಷ್ಟಂದರೆ ಸಾಕು, ಕಾಲೇಳುವುದಿಲ್ಲ, ದೀಪ ಸರಿಸುತ್ತೇನೆ, ಅವೂ ಸರಿಯುತ್ತವೆ, ಎಡಕ್ಕೆ, ಬಲಕ್ಕೆ, ಅವಳ ಕೈಗೆಟುಕದ ಛಾವಣಿಯ ನಟ್ಟನಡುವೆ ಉಂಗುರ, ಉಂಗುರ, ಉಂಗುರ