ಟವೆಲ್ಲಿನೊಳಗೆ ಇತ್ಯರ್ಥವಾದ ಟೆನಿಸ್ಸು

ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಬಗ್ಗೆ ಜಗಳಾಡಬೇಕೆಂದರೆ ಸಾವಿರ ಜನ ಸಿಗುತ್ತಾರೆ. ಟೆನಿಸ್ಸಿನ ಬಗ್ಗೆ ಜಗಳಾಡಲು ಗೋಣಿಚೀಲದ ಅಂಗಡಿಯ ಮಾಲತೇಶಪ್ಪನಿಗೆ ಇಡೀ ಜಿಲ್ಲೆಯಲ್ಲಿ ಇದ್ದವನು ಒಬ್ಬನೇ, ರಾಣೇಬೆನ್ನೂರಿನ ಬೀಜದಂಗಡಿಯ ರುದ್ರಮುನಿ. ಆ ಒಬ್ಬನನ್ನೂ ಈ ಪುಣ್ಯಾತ್ಮ ಬೈದು ಓಡಿಸಿಬಿಟ್ಟ.

ಇಬ್ಬರೂ ಜನ್ಮದಲ್ಲಿ ರ‍್ಯಾಕೆಟ್ ಹಿಡಿದವರಲ್ಲ. ಆದರೂ ಆರು ವರ್ಷದಿಂದ ಪ್ರತಿ ಭಾನುವಾರ ರುದ್ರಮುನಿ ಬಸ್ಸು ಹತ್ತಿ ಬರಬೇಕು, ಚೀಲದ ಥಪ್ಪಿಯ ಮೇಲೆ ಕೂರಬೇಕು, ಟೆನಿಸ್ಸಿನ ಸುವರ್ಣಕಾಲ ಯಾವುದೆಂದು ಇಬ್ಬರೂ ಗಂಟಲು ಹರಿದುಕೊಳ್ಳಬೇಕು. ಮಾಲತೇಶಪ್ಪನದು ಬೋರ್ಗನ ಕಾಲ, ಎಪ್ಪತ್ತರ ದಶಕ, ಕಟ್ಟಿಗೆಯ ರ‍್ಯಾಕೆಟ್ಟು. ರುದ್ರಮುನಿಯದು ಈಗಿನ ಫೆಡರರ್ ಕಾಲ. 2009ರ ಜೂನಿನಲ್ಲಿ ಫೆಡರರ್ ಅಲ್ಲಿಯವರೆಗೆ ಕೈಗೆ ಸಿಗದಿದ್ದ ಪ್ಯಾರಿಸ್ಸಿನಲ್ಲೂ ಗೆದ್ದದ್ದೇ ತಡ, ರುದ್ರಮುನಿ ಪೇಢೆಯ ಡಬ್ಬಿ ಹಿಡಿದು ಬಂದ.

"ತಗೋ, ಬಾಯಿ ಸಿಹಿ ಮಾಡ್ಕೋ. ವಾದ ಮುಗೀತು. ನಿನ್ನ ಬೋರ್ಗನ ಕಾಲದಾಗ ಆಡ್ತಿದ್ದದ್ದು ಆಟ ಅಲ್ಲಪಾ, ಹಾಸಿಗಿ ಝಾಡಿಸೋದು."

"ಬೋರ್ಗ್ ಅದ ಪ್ಯಾರಿಸ್ಸಿನ್ಯಾಗ ಆರು ಸಲ ಗೆದ್ದಾನ! ಇಳಿ, ನನ್ನ ಅಂಗಡಿ ಕಟ್ಟಿ ಇಳಿ!"

ಬಾಗಿಲಿಗೆ ಬಂದವನಿಗೆ ಯಾರಾದರೂ ಹಾಗನ್ನುತ್ತಾರೆಯೇ? ರುದ್ರಮುನಿ ಇಳಿದ. ಪೇಢೆಯ ಡಬ್ಬಿಯನ್ನೂ ವಾಪಸು ಒಯ್ದ.

ಮೂರು ಭಾನುವಾರ ಅವನ ಸುಳಿವಿಲ್ಲ. ಮೂರನೆಯದು ವಿಂಬಲ್ಡನ್ ಫೈನಲ್ಲು. ಐದನೆಯ ಸೆಟ್ಟು ಹದಿನಾರು–ಹದಿನಾಲ್ಕಕ್ಕೆ ಮುಗಿಯಿತು. ಅಂಥ ಆಟ ನೋಡಿಯೂ ಮಾಲತೇಶಪ್ಪನಿಗೆ ಹೇಳಿಕೊಳ್ಳಲು ಒಂದು ನರಪಿಳ್ಳೆಯಿಲ್ಲ. ಹೆಂಡತಿ ದೇವವ್ವನಿಗೆ ಹೇಳಹೋದರೆ ಅವಳು, "ಹದಿನಾರು ಆಗೂತನಕ ಬಿಡಸವ್ರು ಯಾರೂ ಇರಲಿಲ್ಲೇನ್ರಿ?" ಎಂದಳು. ಅವನಿಗೆ ಊಟ ಸೇರಲಿಲ್ಲ. ಗೆಳೆಯ ಬೇಕು, ಆದರೆ ಬೋರ್ಗನನ್ನು ಬಿಟ್ಟುಕೊಟ್ಟು ಕ್ಷಮೆ ಕೇಳಲು ಮನಸ್ಸು ಬಾರದು.

ದೇವವ್ವನೇ ಫಕ್ಕೀರಸಾಬನನ್ನು ಕರೆಸಿದಳು. ಹಾವೇರಿಯ ದನದ ಪೇಟೆಯಲ್ಲಿ ಮೂವತ್ತು ವರ್ಷ ದಲಾಲಿ ಮಾಡಿದವನು. ಅಲ್ಲಿ ದನದ ರೇಟು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಅಡಿಯಲ್ಲಿ ಕೈಹಿಡಿದು ಬೆರಳು ಒತ್ತುತ್ತಾರೆ. ಯಾರು ಎಷ್ಟು ಇಳಿದರು ಎಂಬುದು ದಲಾಲಿಗೆ ಮಾತ್ರ ಗೊತ್ತು, ಯಾರ ಮರ್ಯಾದೆಯೂ ಹೋಗುವುದಿಲ್ಲ.

ಮರುದಿನ ಮಾಲತೇಶಪ್ಪನೂ ಫಕ್ಕೀರಸಾಬನೂ ರಾಣೇಬೆನ್ನೂರಿನ ಬೀಜದಂಗಡಿಗೆ ಹೋದರು. ರುದ್ರಮುನಿ ಮುಖ ತಿರುಗಿಸಿ ಗೋವಿನಜೋಳದ ಪಾಕೀಟು ಎಣಿಸತೊಡಗಿದ. ದನದ ವಯಸ್ಸನ್ನು ಹಲ್ಲೆಣಿಸಿಯೇ ಹೇಳುವ ಫಕ್ಕೀರಸಾಬ ಕುಳಿತು ಮಾಲತೇಶಪ್ಪನ ವಿಚಾರಣೆಗೆ ಇಳಿದ.

"ಸಾವಕಾರ್ರ, ಈ ಬೋರ್ಗಗ ಹಲ್ಲೆಷ್ಟು?"

"ಐವತ್ತಮೂರು ವರ್ಷ ಅವಂಗ."

"ಹಂಗಾರ ಹಲ್ಲು ಕೂಡೇತಿ. ಗಳೇಕ್ಕ ಹೂಡಾಕ ಬರೂದಿಲ್ಲ. ಇರ್ಲಿ. ಒಂದು ಬಟ್ಟಂದ್ರ ಎಪ್ಪತ್ತರದು, ಎರಡಂದ್ರ ಎಂಬತ್ತರದು, ಮೂರಂದ್ರ ತೊಂಬತ್ತರದು, ನಾಕಂದ್ರ ಈಗಿಂದು. ಕೈ ತರ್ರಿ."

ಮಾಲತೇಶಪ್ಪ ಟವೆಲ್ಲಿನಡಿ ಒಂದು ಬೆರಳು ಒತ್ತಿದ. ಫಕ್ಕೀರಸಾಬ ಹೋಗಿ ರುದ್ರಮುನಿಯ ಕೈ ಹಿಡಿದ, ತಲೆ ಕೊಡವಿದ, ಮತ್ತೆ ಬಂದ. "ಪಾರ್ಟಿ ನಾಕಕ್ಕ ಕುಂತೈತಿ. ನೀವು ಒಂದೀಟು ಏರ್ರಿ" ಎಂದು ಕಿವಿಯಲ್ಲಿ ಉಸುರಿದ. ಮಾಲತೇಶಪ್ಪ ಕಣ್ಣುಮುಚ್ಚಿ ಎರಡು ಒತ್ತಿದ. ಆ ಕಡೆಯವನು ಮೂರಕ್ಕೆ ಇಳಿದನಂತೆ. ನಡುವಿನ ರೇಟಿಗೆ ಮುಗಿಸುವ ಮೂವತ್ತು ವರ್ಷದ ರೂಢಿ, ಬಿಟ್ಟೀತೇ? ಫಕ್ಕೀರಸಾಬ ಇಬ್ಬರ ಕೈಯನ್ನೂ ಟಪ್ಪೆಂದು ಕೂಡಿಸಿ, "ಎರಡೂವರಿಗೆ ಮುಗೀತು!" ಎಂದು ಕೂಗಿದ. ಗಲ್ಲಾದ ಮೇಲಿದ್ದ ದೇವರಗುಡ್ಡದ ಭಂಡಾರದ ಅರಿಸಿನವನ್ನು ಇಬ್ಬರ ಹಣೆಗೂ ಬಳಿದ. ಮಾಲತೇಶಪ್ಪನಿಗೆ ಅದು ಮನೆದೇವರ ಭಂಡಾರ, ಹಚ್ಚಿಕೊಂಡರೆ ಆಣೆಯಿಟ್ಟಂತೆ. ಆ ಮಾತು ಇನ್ನು ಮುರಿಯುವಂತಿಲ್ಲ.

ಹೀಗೆ ಜಗತ್ತಿನ ಟೆನಿಸ್ಸಿನ ಸುವರ್ಣಕಾಲ ಎರಡೂವರೆ ಎಂದು ಇತ್ಯರ್ಥವಾಯಿತು. ಅಂದರೆ ಎಂಬತ್ತರ ದಶಕಕ್ಕೂ ತೊಂಬತ್ತರದಕ್ಕೂ ನಡುವೆ ಎಲ್ಲೋ, ಇಬ್ಬರಿಗೂ ಬೇಡವಾದ ಕಾಲ. ಆ ವರ್ಷಗಳಲ್ಲಿ ಒಬ್ಬ ಅಂಗಡಿ ಕಟ್ಟಿಸುತ್ತಿದ್ದ, ಇನ್ನೊಬ್ಬನ ಮನೆಯಲ್ಲಿ ಟಿವಿಯೇ ಇರಲಿಲ್ಲ.

ಭಾನುವಾರ ರುದ್ರಮುನಿ ಬಂದ. ಮಾಲತೇಶಪ್ಪನ ಎದೆ ಹಿಗ್ಗಿತು. ಚಹಾ ಬಂತು.

"ಎರಡೂವರಿ ಚಲೋನ ಐತಿ," ಎಂದ ರುದ್ರಮುನಿ.

"ಚಲೋ ಐತಿ."

ಬೋರ್ಗನ ಹೆಸರೆತ್ತಿದರೆ ಭಂಡಾರದ ಆಣೆ, ಫೆಡರರನ ಹೆಸರೆತ್ತಿದರೂ ಅದೇ. ಮಳೆಯ ಮಾತು ಆಯಿತು, ಬೀಜದ ಮಾತು ಆಯಿತು. ರುದ್ರಮುನಿ ಆಕಳಿಸಿದ. ಸಂಜೆಯವರೆಗೆ ಕೂರುತ್ತಿದ್ದವನು ಅರ್ಧ ತಾಸಿಗೇ ಎದ್ದು, "ಬರ್ತೇನಪಾ, ಅಂಗಡಿ ಕಡೆ ಕೆಲಸ ಐತಿ" ಎಂದು ಚಪ್ಪಲಿ ಮೆಟ್ಟಿದ.

ಮಾಲತೇಶಪ್ಪ ಚಹಾದ ಕಪ್ಪು ಕೆಳಗಿಟ್ಟು ಎದ್ದ. ಇವನು ಈಗ ಹೋದರೆ ಮುಂದಿನ ಭಾನುವಾರ ಬರುವುದಿಲ್ಲ. ಜಗಳವಿದ್ದಾಗ ಎಂದಾದರೂ ಬಂದಾನೆಂಬ ಆಸೆಯಾದರೂ ಇತ್ತು, ಈಗ ಯಾತಕ್ಕೆ ಬಂದಾನು? ಆಣೆ ಮುರಿಯುವಂತಿಲ್ಲ, ಗೆಳೆಯನನ್ನು ಬಿಡುವಂತಿಲ್ಲ. ಏನೂ ತೋಚದೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟ.

"ಅಲ್ಲಾ, ಆ ಎರಡೂವರಿಯೊಳಗಿನ ಅರ್ಧ ಐತೆಲ್ಲ, ಅದು ಎಂಬತ್ತರ ಕಡೀದು. ತೊಂಬತ್ತರದಲ್ಲ."

ರುದ್ರಮುನಿ ಮೆಟ್ಟಿಲ ಮೇಲೆ ನಿಂತ. ನಿಧಾನಕ್ಕೆ ತಿರುಗಿದ.

"ಏನಂದಿ? ಯಾವ ಹುಚ್ಚ ಹೇಳಿದ ನಿನಗ? ಆ ಅರ್ಧ ಖರೇ ಅಂದ್ರ ತೊಂಬತ್ತರದು!"

ಚಪ್ಪಲಿ ಬಿಟ್ಟು ದಡದಡ ಬಂದು ಥಪ್ಪಿಯ ಮೇಲೆ ಕುಕ್ಕರಿಸಿ, ತೋಳು ಏರಿಸಿದ. ಮಾಲತೇಶಪ್ಪನೂ ಕೂಗಲು ಬಾಯಿ ತೆರೆದ, ಆದರೆ ಸಂತೋಷಕ್ಕೆ ಕಣ್ಣು ತುಂಬಿ ಬಂತು. ಸ್ವಲ್ಪ ತಡಿ ಎಂದು ಕೈಸನ್ನೆ ಮಾಡಿ, ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡು, ಆಮೇಲೆ ಜಗಳಕ್ಕೆ ನಿಂತ.