ಸಾವು ಕೇಳಲೆಂದು ಇಟ್ಟ ಹೆಸರು

ಹೆಸರು ಬದಲಿಸುವುದಕ್ಕೆ ವಕೀಲನಿಗೆ ಎರಡು ವಾರದ ಸಂಬಳ, ಪತ್ರಿಕೆಯ ಪ್ರಕಟಣೆಗೆ ಒಂದು ವಾರದ್ದು, ಛಾಪಾ ಕಾಗದಕ್ಕೆ ಒಂದು ದಿನದ್ದು. ಹೊಸ ಅಂಗಿ ಕೊಂಡರೆ ಹಳೆಯದನ್ನು ನೆಲ ಒರೆಸಲಾದರೂ ಇಟ್ಟುಕೊಳ್ಳಬಹುದು. ಹಳೆಯ ಹೆಸರು ಯಾವ ಉಪಯೋಗಕ್ಕೂ ಬಾರದು ಎಂದುಕೊಂಡೇ ಇಸ್ತ್ರಿಯಣ್ಣ ದುಡ್ಡು ಕಟ್ಟಿದ.

ಆಸ್ಪತ್ರೆಯ ಬಟ್ಟೆ ಒಗೆಯುವ ಮನೆಯಲ್ಲಿ ಹಾಜರಿಗೆ ಅವನೊಂದು ನಂಬರು, ಕರೆಯಲು ಇಸ್ತ್ರಿಯಣ್ಣ. ಅಮ್ಮ ಇಟ್ಟ ಹೆಸರಿಗೆ ತಿಪ್ಪೆಗೆ ಎಸೆದದ್ದು ಎಂದು ಅರ್ಥ. ಹುಡುಗನಾಗಿದ್ದಾಗ ಅದನ್ನು ಕೇಳಿ ನಗದವರಿಲ್ಲ. ಮುಂದಿನ ತಿಂಗಳು ನಿವೃತ್ತಿ. ಮೇಲ್ವಿಚಾರಕರು ಎಲ್ಲರೆದುರು ಪೂರ್ತಿ ಹೆಸರು ಓದಿ ಗಡಿಯಾರ ಕೊಡುತ್ತಾರೆ. ಅಷ್ಟರೊಳಗೆ ಆ ಹೆಸರು ತೊಲಗಬೇಕಿತ್ತು.

ವಕೀಲ ಒಂದು ತೊಡಕು ಹೇಳಿದ. "ನಿಮ್ಮನ್ನ ಹಳೇ ಹೆಸರಲ್ಲಿ ಬಲ್ಲೋರು ಒಬ್ಬರು ಸಹಿ ಹಾಕಬೇಕು."

"ಅಂಥೋರು ಯಾರೂ ಇಲ್ವಲ್ಲ ಸಾರ್."

"ಯಾರಿಗೂ ಗೊತ್ತಿಲ್ಲ ಅಂದ್ರೆ ಮುಚ್ಚಿಡೋದು ಯಾರಿಂದ ಸ್ವಾಮಿ?"

ಕೋಣೆಗೆ ಬಂದು ಒಬ್ಬೊಬ್ಬರನ್ನೇ ನೆನೆದ. ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು. ಹಳೆಯ ನೆರೆಹೊರೆಯವರು ದಿಕ್ಕಾಪಾಲಾಗಿದ್ದರು. ಮದುವೆ ಕೂಡಿಬಂದಿರಲಿಲ್ಲ. ಗೂಡಿನಲ್ಲಿ ಒಂದು ತಟ್ಟೆ, ಒಂದು ಲೋಟ. ಹೆಸರನ್ನು ಅಳಿಸಬೇಕಾದರೂ ಮೊದಲು ಅದನ್ನು ಯಾರಿಗಾದರೂ ಹೇಳಲೇಬೇಕಿತ್ತು.

ಹೇಳಿದ್ದು ಬಟ್ಟೆ ಮಡಿಸುವಾಕೆಗೆ. ಸಮುದ್ರ ದಾಟಿ ಬಂದವಳು, ಇಲ್ಲಿಯ ಭಾಷೆ ಬೇಗ ಕಲಿತಿದ್ದಳು, ಮಾತಿನಲ್ಲಿ ಚುರುಕು. ಹೊರಗಿನವಳೆಂದು ಮಿಕ್ಕವರು ಹತ್ತಿರ ಸೇರಿಸುತ್ತಿರಲಿಲ್ಲ. ಇಬ್ಬರೂ ಹಾಸಿಗೆ ಬಟ್ಟೆಯ ಎರಡೆರಡು ತುದಿ ಹಿಡಿದು ನಿಂತಿದ್ದಾಗ ಬಾಯಿಬಿಟ್ಟ. ನಗುತ್ತಾಳೆಂದು ತಲೆ ಎತ್ತಲಿಲ್ಲ.

"ನಿನಗಿಂತ ಮುಂಚೆ ಎಷ್ಟು ಮಕ್ಕಳು ಹೋಗಿದ್ವಣ್ಣ?" ಎಂದಳು.

"ಮೂರು. ನಿನಗ್ಯಾರು ಹೇಳಿದ್ರು?"

"ಹೇಳೋದೇನು? ನನ್ನ ಹೆಸರಿಗೆ ಮಾರಿದ್ದು ಅಂತ ಅರ್ಥ. ನಮ್ಮಮ್ಮ ಹಿಡಿ ಕಾಳಿಗೆ ನನ್ನ ಪಕ್ಕದ ಮನೆಯವಳಿಗೆ ಮಾರಿದಳು, ಸಂಜೆಗೆ ಸಾಕೋಕೆ ಅಂತ ವಾಪಸ್ ತಂದಳು. ಸಾವು ಬಂದು ಹುಡುಕಿದ್ರೆ, ಅಯ್ಯೋ, ಇದು ಅವಳ ಮಗುವೇ ಅಲ್ಲ ಅಂತ ಹೋಗಲಿ ಅಂತ. ನಿಮ್ಮಮ್ಮನೂ ಜಾಣೆ. ಕಸಾನ ಯಾರು ಕದೀತಾರೆ? ಅದಿರ್ಲಿ, ಮನೆಯೊಳಗೆ ಏನಂತ ಕರೀತಿದ್ರು?"

ಇಸ್ತ್ರಿಯಣ್ಣ ನೆನಪು ತಡಕಿದ. ಬೀದಿಯಲ್ಲಿ, ಹತ್ತು ಮನೆಗೆ ಕೇಳುವಂತೆ, ಅಮ್ಮ ಆ ಹೆಸರನ್ನೇ ಕೂಗುತ್ತಿದ್ದಳು. ಬಾಗಿಲು ಹಾಕಿಕೊಂಡ ಮೇಲೆ ಒಮ್ಮೆಯೂ ಇಲ್ಲ.

"ಬಂಗಾರ ಅಂತಿದ್ದಳು," ಎಂದ, ಕೈಯಲ್ಲಿದ್ದ ಬಟ್ಟೆಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

"ಮತ್ತೆ? ಸಹಿ ಬೇಕಾದ್ರೆ ಹಾಕ್ತೀನಿ. ಆದ್ರೆ ಆ ಹೆಸರು ಅಳಿಸಿದ್ರೆ, ಪ್ರಾಣ ಕಾದ ನಾಯೀನ ವಯಸ್ಸಾಯ್ತು ಅಂತ ಓಡಿಸಿದ ಹಾಗಾಗತ್ತೆ, ನೋಡು."

ಅವನು ವಕೀಲನ ಬಳಿ ಮತ್ತೆ ಹೋಗಲಿಲ್ಲ. ಅಂದಿನಿಂದ ಆಕೆ ಯಂತ್ರಗಳ ಗದ್ದಲದ ನಡುವೆ, ಮಿಕ್ಕವರಿಗೆ ತಿಳಿಯದಂತೆ, ಆ ತಿಪ್ಪೆಯ ಹೆಸರಿನಿಂದಲೇ ಅವನನ್ನು ಊಟಕ್ಕೆ ಕರೆಯುತ್ತಿದ್ದಳು. ಎಷ್ಟೋ ಸಲ ಕೇಳಿಸಿದರೂ ಕೇಳಿಸದವನಂತೆ ಇಸ್ತ್ರಿಯಣ್ಣ ಇನ್ನೊಮ್ಮೆ ಕರೆಸಿಕೊಳ್ಳುತ್ತಿದ್ದ. ತಿಂಗಳು ತುಂಬುವ ಮೊದಲೇ ಅವಳ ಗುತ್ತಿಗೆ ಮುಗಿಯಿತು, ಗಂಟುಮೂಟೆ ಕಟ್ಟಿದಳು.

ನಿವೃತ್ತಿಯ ದಿನ ಮೇಲ್ವಿಚಾರಕರು ಹೆಸರು ಓದಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಾನೇ," ಎಂದು ಇಸ್ತ್ರಿಯಣ್ಣ ಎದ್ದು ನಿಂತ. ಗಡಿಯಾರ ಇಸಿದುಕೊಂಡು ಕೋಣೆಗೆ ಬಂದು, ತಟ್ಟೆ ಲೋಟಗಳ ಪಕ್ಕ ಇಟ್ಟ.

ಕಟ್ಟಿದ ದುಡ್ಡು ಮರಳಲಿಲ್ಲ. ಹೆಸರು ಉಳಿಯಿತು; ಕರೆಯುವವರು ಉಳಿಯಲಿಲ್ಲ.