ನಿಮಿಷಕ್ಕೆ ಹತ್ತು ಉಸಿರು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೆನ್ನ ಹಿಂದೆ ನನ್ನನ್ನು ಬೆಂಕಿ ಸಿಸ್ಟರ್ ಅನ್ನುತ್ತಾರಂತೆ, ಅನ್ನಲಿ. ಎಮರ್ಜೆನ್ಸಿ ವಾರ್ಡಿನಲ್ಲಿ ಇಪ್ಪತ್ತೆರಡು ವರ್ಷ ಸವೆದವಳಿಗೆ, ಮೊನ್ನೆ ಮೊನ್ನೆ ಓದು ಮುಗಿಸಿದ ಹುಡುಗಿಯೊಬ್ಬಳು ಬಂದು "ಸಿಸ್ಟರ್, ನೀವು ಉಸಿರು ಕೊಡೋದು ಜಾಸ್ತಿ ಆಗ್ತಿದೆ" ಅಂದರೆ ಮೈ ಉರಿಯದೆ ಇನ್ನೇನಾಗುತ್ತದೆ?

ಅವಳು ಸಂಶೋಧನೆಗೆಂದು ಬಂದ ಡಾಕ್ಟರು. ಹೃದಯ ನಿಂತುಹೋದವರನ್ನು ನಾವು ಹೇಗೆ ಎಬ್ಬಿಸುತ್ತೇವೆ ಎಂದು ನಾಲ್ಕು ತಿಂಗಳಿಂದ ನೋಡುತ್ತಿದ್ದಳು. ಒಬ್ಬರು ಎದೆ ಒತ್ತುತ್ತಾರೆ. ಇನ್ನೊಬ್ಬರು ಗಂಟಲಿಗೆ ಇಳಿಸಿದ ನಳಿಕೆಗೆ ರಬ್ಬರಿನ ಬ್ಯಾಗ್ ಸಿಕ್ಕಿಸಿ, ಅದನ್ನು ಹಿಸುಕಿ ಗಾಳಿ ಕೊಡುತ್ತಾರೆ. ಆ ಬ್ಯಾಗ್ ಯಾವಾಗಲೂ ನನ್ನ ಕೈಯಲ್ಲೇ. ಆರು ಸೆಕೆಂಡಿಗೆ ಒಂದು ಸಲ, ನಿಮಿಷಕ್ಕೆ ಹತ್ತು ಉಸಿರು, ಅಷ್ಟೇ. ಹೊಸಬರಿಗೆ ಇದನ್ನು ಕಲಿಸಿದವಳೇ ನಾನು. ಈ ಹುಡುಗಿ ನಳಿಕೆಗೂ ಬ್ಯಾಗಿಗೂ ನಡುವೆ ಬೆಂಕಿಪೊಟ್ಟಣದಷ್ಟು ದೊಡ್ಡ, ಉಸಿರು ಎಣಿಸುವ ಡಬ್ಬಿಯೊಂದನ್ನು ಕೂರಿಸಿದ್ದಳು. ಒಂಬತ್ತು ಕೇಸುಗಳಲ್ಲಿ ಅದು ತೋರಿಸಿದ್ದು ನಿಮಿಷಕ್ಕೆ ಇಪ್ಪತ್ತೈದರಿಂದ ಮೂವತ್ನಾಲ್ಕು. ಒಂಬತ್ತರಲ್ಲೂ ಬ್ಯಾಗ್ ಒತ್ತಿದವಳು ನಾನು. ಆ ಒಂಬತ್ತರಲ್ಲಿ ಒಬ್ಬರೂ ಬದುಕಲಿಲ್ಲ. ಅದರಲ್ಲಿ ಒಬ್ಬ ನಮ್ಮ ವಾರ್ಡಿನ ನೆಲ ಒರೆಸುವ ಹೆಂಗಸಿನ ತಮ್ಮ. ಅವಳನ್ನು ನಾವೆಲ್ಲ ಅಕ್ಕ ಅನ್ನುತ್ತೇವೆ.

"ನಿನ್ನ ಡಬ್ಬಿ ಕೆಟ್ಟಿದೆ ಕಣಮ್ಮಾ" ಎಂದೆ. "ಎಣಿಸ್ಕೊಂಡೇ ಒತ್ತೋಳು ನಾನು. ನಂಗೇ ಲೆಕ್ಕ ಹೇಳಿಕೊಡೋಕೆ ಬಂದ್ಯಾ?"

ನನ್ನ ಕೂಗಾಟ ನಮ್ಮ ವಾರ್ಡಿನ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ಹಾಲು ಕುಡಿದಷ್ಟು ಖುಷಿ ಕೊಟ್ಟಿತು. ಡಬ್ಬಿ ಕೆಟ್ಟಿತ್ತು, ಆದ್ದರಿಂದ ಈ ಒಂಬತ್ತು ಕೇಸುಗಳನ್ನು ಹುಡುಗಿಯ ಸಂಶೋಧನಾ ವರದಿಯಿಂದ ಕೈಬಿಡಬೇಕು ಎಂದು ಅವರು ಒಂದು ಪತ್ರ ಬರೆಸಿದರು. ಕೆಳಗೆ ವಾರ್ಡಿನ ಹಿರಿಯ ಸಿಸ್ಟರ್ ಸಹಿ ಬೇಕಿತ್ತು. ಶನಿವಾರ ಮಧ್ಯಾಹ್ನ ವರದಿ ಹೋಗುವುದಿತ್ತು. ಬೆಳಿಗ್ಗೆಯೇ ನನ್ನನ್ನು ಕರೆಸಿದರು.

"ಇಲ್ಲೊಂದು ಸೈನ್ ಹಾಕ್ಬಿಡಿ ಸಿಸ್ಟರ್. ನಿಮ್ಮ ಮರ್ಯಾದೆನೂ ಉಳಿಯುತ್ತೆ, ನಮ್ಮದೂ ಉಳಿಯುತ್ತೆ."

ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಬಾಗಿಲಲ್ಲಿ ನಿಂತಿದ್ದ ಹುಡುಗಿ, "ಸೈನ್ ಆಮೇಲೆ ಹಾಕಿ ಸಿಸ್ಟರ್. ಮೊದ್ಲು ಎರಡೇ ಎರಡು ನಿಮಿಷ ಟ್ರೇನಿಂಗ್ ಗೊಂಬೆ ಮೇಲೆ ಮಾಡಿ ತೋರಿಸಿ" ಎಂದಳು.

"ಈ ವಯಸ್ಸಲ್ಲಿ ನನ್ನ ಕೈಲಿ ಗೊಂಬೆಯಾಟ ಆಡಿಸ್ತೀಯೇನಮ್ಮಾ?"

"ಡಬ್ಬಿ ಬೇಡ. ಸರ್ ಅವರೇ ತಮ್ಮ ವಾಚ್ ನೋಡ್ಕೊಂಡು ಎಣಿಸ್ಲಿ."

ಇದಕ್ಕೆ ಯಾರು ಬೇಡ ಅಂತಾರೆ? ಬಾರೇ, ನಿನ್ನ ಸೊಕ್ಕು ಇವತ್ತು ಇಳಿಸುತ್ತೇನೆ ಎಂದುಕೊಂಡು ತರಬೇತಿ ಕೋಣೆಗೆ ನಡೆದೆ. ಅವಳು ನಿಜವಾದ ಕೇಸಿನ ಹಾಗೆಯೇ ಎಲ್ಲ ಸಜ್ಜು ಮಾಡಿದ್ದಳು. ಒಬ್ಬ ನರ್ಸ್ ಗೊಂಬೆಯ ಎದೆ ಒತ್ತುತ್ತಿದ್ದಳು, ಇನ್ನೊಬ್ಬಳು ಇಂಜೆಕ್ಷನ್ ತನ್ನಿ ಎಂದು ಕಿರುಚುತ್ತಿದ್ದಳು, ಮಾನಿಟರಿನ ಅಲಾರಂ ತಲೆ ಒಡೆಯುವಂತೆ ಬಡಿದುಕೊಳ್ಳುತ್ತಿತ್ತು. ನಾನು ಮನಸ್ಸಿನಲ್ಲೇ ಒಂದರಿಂದ ಆರರವರೆಗೆ ಎಣಿಸುತ್ತಾ ಒತ್ತಿದೆ. ಒಂದು ಸಲವೂ ತಪ್ಪಲಿಲ್ಲ.

"ಇಪ್ಪತ್ತು! ಒಂದು ಹೆಚ್ಚಿಲ್ಲ, ಒಂದು ಕಮ್ಮಿ ಇಲ್ಲ" ಎಂದು ಬೆವರು ಒರೆಸಿಕೊಂಡೆ.

ದೊಡ್ಡ ಡಾಕ್ಟರು ವಾಚಿನಿಂದ ತಲೆ ಎತ್ತಲಿಲ್ಲ. "ಐವತ್ತೆಂಟು" ಎಂದರು.

ಯಾರೂ ನಗಲಿಲ್ಲ. ನಕ್ಕಿದ್ದರೆ ಒಳ್ಳೆಯದಿತ್ತು, ನಾಲ್ಕು ಬೈದು ಹಗುರಾಗುತ್ತಿದ್ದೆ.

"ಎಣಿಕೆ ತಪ್ಪಿಲ್ಲ ಸಿಸ್ಟರ್" ಎಂದಳು ಹುಡುಗಿ ಮೆಲ್ಲಗೆ. "ಗಾಬರಿಯಲ್ಲಿ ಆರು ಎಣಿಸೋಕೆ ನಿಮಗೆ ಎರಡೇ ಸೆಕೆಂಡು ಸಾಕಾಗುತ್ತೆ. ಎಷ್ಟೋ ಜನಕ್ಕೆ ಹೀಗಾಗುತ್ತೆ, ಅದಕ್ಕೇ ಈ ಸ್ಟಡಿ."

ಜಾಸ್ತಿ ಗಾಳಿ ಕೊಟ್ಟರೆ ಏನಾಗುತ್ತದೆ ಎಂದು ಅವಳು ಬಂದ ಮೊದಲ ವಾರವೇ ಹೇಳಿದ್ದಳು. ಎದೆ ಒತ್ತಿ ಬಿಟ್ಟಾಗ ಹೃದಯಕ್ಕೆ ರಕ್ತ ಮರಳಿ ಬರಬೇಕು. ಎದೆಯೊಳಗೆ ಗಾಳಿ ತುಂಬುತ್ತಲೇ ಇದ್ದರೆ, ಕಿಕ್ಕಿರಿದ ಬಸ್ಸಿಗೆ ಜನ ಹತ್ತಲಾರದ ಹಾಗೆ, ರಕ್ತಕ್ಕೆ ಒಳಗೆ ಬರಲು ಜಾಗವಿರುವುದಿಲ್ಲ. ನಾನು ಆವತ್ತು ಕಿವಿಗೇ ಹಾಕಿಕೊಂಡಿರಲಿಲ್ಲ.

ದೊಡ್ಡ ಡಾಕ್ಟರು ಪತ್ರವನ್ನು ಮತ್ತೆ ನನ್ನ ಮುಂದೆ ಸರಿಸಿದರು. "ಇದು ಈ ರೂಮಲ್ಲೇ ಇರ್ಲಿ. ಸೈನ್ ಹಾಕಿ."

"ಈಗ ತಾನೇ ನೀವೇ ಎಣಿಸಿದ್ರಲ್ಲ ಸರ್!"

"ಎಣಿಸಿದ್ದು ಗೊಂಬೆಗೆ."

"ಆ ಒಂಬತ್ತು ಜನ ಗೊಂಬೆಗಳಾ?"

"ಸಿಸ್ಟರ್, ಇಪ್ಪತ್ತೆರಡು ವರ್ಷದ ಹೆಸರು ಮಣ್ಣುಪಾಲಾಗುತ್ತೆ. ಯೋಚ್ನೆ ಮಾಡಿ."

ಅಷ್ಟು ಹೊತ್ತು ಯಾರ ಮೇಲೆ ಹರಿಯಬೇಕೆಂದು ತಿಳಿಯದೆ ಕುದಿಯುತ್ತಿದ್ದ ಸಿಟ್ಟಿಗೆ ದಾರಿ ಸಿಕ್ಕಿತು. ಆ ಮನುಷ್ಯನ ಮೇಲೆ ಬಂತು, ಅದಕ್ಕಿಂತ ಹೆಚ್ಚಾಗಿ ನನ್ನ ಮೇಲೆ ಬಂತು. ಪತ್ರದ ಅಡಿಯಲ್ಲಿ ದಪ್ಪಕ್ಷರದಲ್ಲಿ ಬರೆದೆ: ಡಬ್ಬಿ ಸರಿಯಾಗಿದೆ. ಒಂಬತ್ತೂ ಸಲ ಬ್ಯಾಗ್ ಒತ್ತಿದವಳು ನಾನು. ಸಹಿ ಹಾಕಿ ಹುಡುಗಿಯ ಕೈಗೆ ಕೊಟ್ಟೆ.

"ನಿಮಗೇನು ತಲೆ ಕೆಟ್ಟಿದ್ಯಾ?" ಎಂದರು ಅವರು.

"ಹೌದು ಸರ್. ಕೆಟ್ಟಿದ್ದು ಡಬ್ಬಿಯಲ್ಲ" ಎಂದು ಹೊರಗೆ ಬಂದೆ.

ಅಕ್ಕ ವಾರ್ಡಿನ ಬಾಗಿಲ ಬಳಿ ಬಕೆಟ್ಟಿಗೆ ಬಟ್ಟೆ ಹಿಂಡುತ್ತಿದ್ದಳು. ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ನಾನೇ ಹೇಳುವುದು ಮೇಲು ಅನ್ನಿಸಿತು. ಎಲ್ಲವನ್ನೂ ಹೇಳಿದೆ, ಆರು ಸೆಕೆಂಡಿನ ನಿಯಮ, ನನ್ನ ಎಣಿಕೆಯ ಓಟ, ಅವಳ ತಮ್ಮನಿಗೆ ನಿಮಿಷಕ್ಕೆ ಮೂವತ್ತೊಂದು.

"ಸರಿಯಾಗಿ ಒತ್ತಿದ್ರೆ ಬದುಕ್ತಿದ್ನಾ?" ಎಂದು ಕೇಳಿದಳು.

"ಗೊತ್ತಿಲ್ಲ ಅಕ್ಕಾ. ಯಾರಿಗೂ ಹೇಳಕ್ಕಾಗಲ್ಲ."

"ಮತ್ತೆ ನಂಗ್ಯಾಕೆ ಹೇಳಿದ್ರಿ? ನಿಮ್ಮೆದೆ ಹಗುರ ಮಾಡ್ಕೊಳ್ಳೋಕಾ?" ಬಟ್ಟೆಯನ್ನು ಬಕೆಟ್ಟಿಗೆ ಎಸೆದಳು, ನೀರು ನನ್ನ ಕಾಲಿಗೆ ಸಿಡಿಯಿತು. "ಹಣೆಬರಹ ಅಂತ ಬಾಯ್ಮುಚ್ಕೊಂಡಿದ್ದೆ. ಇನ್ಮೇಲೆ ನಾನು ಏನಂದ್ಕೊಂಡು ನಿದ್ದೆ ಮಾಡ್ಲಿ? ಹೋಗಿ, ನನ್ನ ಕಣ್ಮುಂದೆ ನಿಲ್ಬೇಡಿ!"



ಅಷ್ಟರಲ್ಲಿ ಸ್ಟ್ರೆಚರ್ ಬಂತು. ನಡುವಯಸ್ಸಿನ ಗಂಡಸು, ನಾಡಿ ಇಲ್ಲ. ಓಡಿದೆವು. ನಳಿಕೆ ಇಳಿಯಿತು, ಬ್ಯಾಗ್ ನನ್ನ ಕೈಗೆ ಬಂತು, ಅಲಾರಂ ಶುರುವಾಯಿತು. ಒತ್ತಿದೆ. ಮತ್ತೆ ಒತ್ತಲು ಬೆರಳು ಮಡಿಸಿದೆ.

"ಇನ್ನೂ ಆಗಿಲ್ಲ!"

ಅಕ್ಕ ನನ್ನ ಹಿಂದೆಯೇ ಒಳಗೆ ಬಂದಿದ್ದಳು. ಒದ್ದೆ ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಗೋಡೆ ಗಡಿಯಾರವನ್ನು ದುರುಗುಟ್ಟಿ ನೋಡುತ್ತಿದ್ದಳು. "ಇನ್ನೂ ಇಲ್ಲ! ತಡೀರಿ ಅಂದ್ರೆ! ಹಾಂ, ಈಗ!"

ಯಾರೋ ಅವಳನ್ನು ಹೊರಗೆ ಹೋಗು ಎಂದರು. "ಅವಳು ಇಲ್ಲೇ ಇರ್ಲಿ" ಎಂದು ನಾನು ಗದರಿದೆ. ಅವಳು ಅಂದಾಗ ಒತ್ತಿದೆ, ಅನ್ನದಿದ್ದಾಗ ಸುಮ್ಮನಿದ್ದೆ. ಆರು ಸೆಕೆಂಡು ಅಷ್ಟು ಉದ್ದವಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಆ ಮನುಷ್ಯನ ನಾಡಿ ಸಿಗುವವರೆಗೆ ಹದಿನೇಳು ನಿಮಿಷ ಅಕ್ಕ ನನ್ನ ಮೇಲೆ ಕೂಗುತ್ತಲೇ ಇದ್ದಳು, ಅಳುತ್ತಲೂ ಇದ್ದಳು, ಒಂದು ಸಲವೂ ನನ್ನ ಮುಖ ನೋಡಲಿಲ್ಲ.